ನೀರು ಹೊತ್ತು ಎದುರು ಬರುವ ಗೆಳೆಯರು

ಹದಿನಾಲ್ಕನೆಯ ಶತಮಾನದಲ್ಲಿ ಸಹಾರಾ ಮರುಭೂಮಿ ದಾಟುತ್ತಿದ್ದ ವ್ಯಾಪಾರಿಗಳಲ್ಲಿ ಒಂದು ಪದ್ಧತಿಯಿತ್ತು. ದಾರಿಯ ನಡುವೆ ತಾಸರಹ್ಲಾ ಎಂಬ ನೀರಿನ ನೆಲೆ. ಕಾಫಿಲಾ ಅಲ್ಲಿ ಮೂರು ದಿನ ತಂಗುತ್ತಿತ್ತು. ಜನ ತಮ್ಮ ಚರ್ಮದ ನೀರುಚೀಲಗಳನ್ನು ಹೊಲಿದು ಸರಿಪಡಿಸಿ, ತುಂಬಿಸಿ, ಬಿಸಿಗಾಳಿಗೆ ನೀರು ಆರದಂತೆ ಮೇಲೊಂದು ಒರಟು ಬಟ್ಟೆ ಸುತ್ತುತ್ತಿದ್ದರು. ಅಲ್ಲಿಂದಲೇ ಒಬ್ಬಾತನನ್ನು ಒಂಟಿಯಾಗಿ ಮುಂದೆ ಕಳುಹಿಸಲಾಗುತ್ತಿತ್ತು. ಅವನಿಗೆ ತಕ್‌ಶೀಫ್ ಎಂದು ಹೆಸರು. ಅವನ ಬಳಿ ಪತ್ರಗಳಿರುತ್ತಿದ್ದವು. ಮರುಭೂಮಿಯ ಆಚೆ ದಡದ ವಲಾತಾ ಪಟ್ಟಣದಲ್ಲಿದ್ದ ತಮ್ಮ ತಮ್ಮ ಗೆಳೆಯರಿಗೆ ಕಾಫಿಲಾದವರು ಬರೆದ ಪತ್ರಗಳು. ನಾವು ಬರುತ್ತಿದ್ದೇವೆ, ಇಳಿದುಕೊಳ್ಳಲು ಮನೆ ಬಾಡಿಗೆಗೆ ಹಿಡಿಯಿರಿ, ನಾಲ್ಕು ರಾತ್ರಿಯ ದಾರಿಯಷ್ಟು ಮುಂದೆ ಬಂದು ನೀರಿನೊಂದಿಗೆ ನಮ್ಮನ್ನು ಎದುರುಗೊಳ್ಳಿರಿ ಎಂಬುದು ಆ ಪತ್ರಗಳ ಸಾರಾಂಶ. ವಲಾತಾದಲ್ಲಿ ಗೆಳೆಯರಿಲ್ಲದವನು ಅಲ್ಲಿನ ಒಬ್ಬ ಹೆಸರಾಂತ ವ್ಯಾಪಾರಿಗೆ ಬರೆಯುತ್ತಿದ್ದ. ಆತ ಈ ಅಪರಿಚಿತನನ್ನೂ ತನ್ನವನೆಂದೇ ತಿಳಿದು ನೀರಿನ ಪಾಲು ತರುತ್ತಿದ್ದ.

ಕೆಲವೊಮ್ಮೆ ಈ ತಕ್‌ಶೀಫ್ ಮರುಭೂಮಿಯಲ್ಲೇ ಸಾಯುತ್ತಿದ್ದ. ಆಗ ವಲಾತಾದ ಗೆಳೆಯರಿಗೆ ಕಾಫಿಲಾ ಹೊರಟ ಸುದ್ದಿಯೇ ತಲುಪುತ್ತಿರಲಿಲ್ಲ. ನೀರು ಬರುತ್ತಿರಲಿಲ್ಲ. ಕಾಫಿಲಾದ ಎಲ್ಲರೂ, ಇಲ್ಲವೇ ಹೆಚ್ಚಿನವರು ಬಾಯಾರಿ ಸಾಯುತ್ತಿದ್ದರು.

ಇದನ್ನು ನಮಗೆ ತಿಳಿಸಿದವನು ಇಬ್ನ್ ಬತೂತಾ. 1352ರಲ್ಲಿ ಅವನೇ ಆ ದಾರಿಯಲ್ಲಿ ಹೋದ. ಅವನ ಕಾಫಿಲಾದವರು ತಕ್‌ಶೀಫ್‌ಗೆ ನೂರು ಮಿಸ್ಕಾಲ್ ಚಿನ್ನ ಕೊಟ್ಟಿದ್ದರು. ದಾರಿ ತೋರಿಸುತ್ತಿದ್ದವನಿಗೆ ಒಂದು ಕಣ್ಣಿರಲಿಲ್ಲ, ಇನ್ನೊಂದಕ್ಕೂ ರೋಗ. ಆದರೂ ಆ ಹಾದಿಯನ್ನು ಅವನಷ್ಟು ಬಲ್ಲವರಿರಲಿಲ್ಲ. ಏಳನೆಯ ರಾತ್ರಿ ದೂರದಲ್ಲಿ ಬೆಂಕಿ ಕಂಡಿತು. ಎದುರುಗೊಳ್ಳಲು ಬಂದವರು ಹಚ್ಚಿದ ಬೆಂಕಿ. ಕಾಫಿಲಾ ಬದುಕಿತು.

‘ಅರ್ರಫೀಕ್ ಕಬ್ಲತ್ತರೀಕ್’ ಎಂದು ಅರಬಿಯಲ್ಲೊಂದು ಗಾದೆಯಿದೆ. ದಾರಿಗಿಂತ ಮೊದಲು ಜೊತೆಗಾರನನ್ನು ನೋಡಿಕೋ ಎಂದು ಅದರರ್ಥ. ಮರುಭೂಮಿಯಲ್ಲಿ ಇದು ಉಪದೇಶದ ಮಾತಲ್ಲ, ಜೀವ ಉಳಿಸಿಕೊಳ್ಳುವ ಲೆಕ್ಕ. ದಕ್ಷಿಣ ಕನ್ನಡದ ಜನ ಈ ಲೆಕ್ಕವನ್ನು ಹಿಂದಿನಿಂದಲೂ ಬಲ್ಲರು.

ಸಹೋದರರಿಬ್ಬರು, ನಡುವೆ ಅರ್ಧ ಭೂಮಿ

ಮರುಭೂಮಿಗೆ ಇಳಿಯುವ ಮೊದಲು ಇಬ್ನ್ ಬತೂತಾ ಸಹಾರಾದ ಉತ್ತರ ಅಂಚಿನ ಸಿಜಿಲ್ಮಾಸಾದಲ್ಲಿ ಒಂಟೆಗಳನ್ನು ಕೊಂಡು, ಅವಕ್ಕೆ ನಾಲ್ಕು ತಿಂಗಳು ಮೇವು ಹಾಕಿ ಸಿದ್ಧಗೊಳಿಸಿದ. ಅಲ್ಲಿ ಅವನಿಗೆ ಮನೆಯಲ್ಲಿ ಜಾಗ ಕೊಟ್ಟವರು ಅಬೂ ಮುಹಮ್ಮದ್ ಅಲ್‌ಬುಶ್ರೀ ಎಂಬ ವಿದ್ವಾಂಸರು. ಈ ಆತಿಥ್ಯದ ಹಿಂದೊಂದು ಕತೆಯಿದೆ.

ಇದಕ್ಕೆ ಕೆಲವು ವರ್ಷ ಮೊದಲು ಚೀನಾದ ಒಂದು ಪಟ್ಟಣದಲ್ಲಿ ಒಬ್ಬ ಶ್ರೀಮಂತ ಮುಸ್ಲಿಮ್ ವಿದ್ವಾಂಸ ಇಬ್ನ್ ಬತೂತಾನನ್ನು ನೋಡಲು ಬಂದ. ಮಾತಾಡುತ್ತಾ ಇವನು ಅವನ ಮುಖವನ್ನೇ ನೋಡುತ್ತಿದ್ದ. ಯಾವ ಊರು ಎಂದು ಕೇಳಿದ. ಅವನು ಸೆಬ್ತಾ ಎಂದ. ಇವನು ತಂಜಾದವನು. ಎರಡೂ ಮೊರಾಕೋದ ಉತ್ತರ ತೀರದ ನೆರೆಯೂರುಗಳು. ಇಬ್ಬರೂ ಅತ್ತರು. ಆಮೇಲೆ ಪರಿಚಯ ಇನ್ನೂ ಬಿಚ್ಚಿಕೊಂಡಿತು: ಈತ ಗಡ್ಡ ಮೂಡದ ಪ್ರಾಯದಲ್ಲಿ ಮಾವನೊಂದಿಗೆ ದಿಲ್ಲಿಗೆ ಬಂದಿದ್ದ, ಅಲ್ಲೇ ಇಬ್ಬರ ಭೇಟಿಯಾಗಿತ್ತು. ಆ ಚೀನಾದ ಅಲ್‌ಬುಶ್ರೀಯ ಸಹೋದರನ ಮನೆಯಲ್ಲೇ ಇಬ್ನ್ ಬತೂತಾ ಈಗ ಸಹಾರಾದ ಅಂಚಿನಲ್ಲಿ ತಂಗಿದ್ದ. ಇಬ್ಬರು ಸಹೋದರರ ನಡುವಿನ ದೂರವನ್ನು ನೆನೆದು ಅವನೇ ಬೆರಗಾಗಿದ್ದಾನೆ. ಒಬ್ಬನ ಸುದ್ದಿ ಇನ್ನೊಬ್ಬನಿಗೆ ತಲುಪಿದ್ದು ಈ ಅಲೆಮಾರಿಯ ಬಾಯಲ್ಲಿ.

ಹೀಗೆ ಗೆಳೆಯನ ಗೆಳೆಯ, ಗುರುವಿನ ಶಿಷ್ಯ, ಪರಿಚಿತನ ತಮ್ಮ ಎಂಬ ಕೊಂಡಿಗಳನ್ನು ಹಿಡಿದೇ ಇಬ್ನ್ ಬತೂತಾ 1325ರಿಂದ ಸುಮಾರು ಮೂವತ್ತು ವರ್ಷ ತಿರುಗಿದ. ಆ ತಿರುಗಾಟದ ನಡುವೆ, 1342ರ ಸುಮಾರಿಗೆ, ಅವನು ನಮ್ಮ ಕರಾವಳಿಗೂ ಬಂದ.

ಹನ್ನೊಂದು ತಿಂಗಳ ಅನ್ನ

ಮುಹಮ್ಮದ್ ಬಿನ್ ತುಘಲಕ್ ಚೀನಾಕ್ಕೆ ಕಳುಹಿಸಿದ ರಾಯಭಾರಿಯಾಗಿ ಹೊರಟ ಇಬ್ನ್ ಬತೂತಾ ಮೊದಲು ಕಂಡದ್ದು ಹೊನ್ನಾವರವನ್ನು. ಅಲ್ಲಿ ಹೆಣ್ಣುಮಕ್ಕಳಿಗಾಗಿ 13 ಮತ್ತು ಗಂಡುಮಕ್ಕಳಿಗಾಗಿ 23 ಪಾಠಶಾಲೆಗಳನ್ನು ನೋಡಿದೆ, ಇಲ್ಲಿನ ಹೆಂಗಸರಿಗೆ ಕುರ್‌ಆನ್ ಬಾಯಿಪಾಠವಿದೆ, ಇಂಥದನ್ನು ಬೇರೆಲ್ಲೂ ಕಂಡಿಲ್ಲ ಎಂದು ಅವನು ಹೇಳುತ್ತಾನೆ. ಏಳು ಶತಮಾನಗಳ ಹಿಂದಿನ ಮಾತಿದು. ಹೆಣ್ಣುಮಕ್ಕಳ ಓದು ನಮ್ಮಲ್ಲಿ ಹೊಸದಾಗಿ ಬಂದ ಸಂಗತಿ ಎಂದು ಈಗಲೂ ವಾದಿಸುವವರು ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಬೇಕು.

ಹೊನ್ನಾವರದ ಸುಲ್ತಾನ ಜಮಾಲುದ್ದೀನ್ ಹರ್ಯಬ್ ಎಂಬ ದೊಡ್ಡ ಹಿಂದೂ ಅರಸನಿಗೆ ಅಧೀನನಾಗಿದ್ದ. ಆ ಅರಸ ವಿಜಯನಗರದ ಹರಿಹರನೇ ಇರಬೇಕೆಂದು ಹಲವು ಇತಿಹಾಸಕಾರರ ಅಭಿಪ್ರಾಯ. ಸುಲ್ತಾನನ ಮನೆಯ ಊಟವನ್ನು ಇಬ್ನ್ ಬತೂತಾ ಸವಿದು ವರ್ಣಿಸಿದ್ದಾನೆ: ಅನ್ನ, ಅದರ ಮೇಲೆ ತುಪ್ಪ, ಉಪ್ಪಿನಲ್ಲಿ ಹಾಕಿದ ಮೆಣಸು, ಹಸಿ ಶುಂಠಿ, ನಿಂಬೆ, ಮಾವು, ಕೊನೆಗೆ ಮೊಸರು. ಮುಂದೆ ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಹಡಗು ಹಾಳಾಗಿ, ಸಾಮಾನು ಸರಂಜಾಮು ಕಳೆದುಕೊಂಡು, ಸುಲ್ತಾನ ತುಘಲಕನಿಗೆ ಮುಖ ತೋರಿಸಲು ಹೆದರಿ ನಿಂತಾಗ ಅವನಿಗೆ ನೆನಪಾದದ್ದು ಈ ಹಳೆಯ ಆತಿಥೇಯನೇ. ಅವನು ಹೊನ್ನಾವರಕ್ಕೆ ಮರಳಿದ. ಒಮ್ಮೆ ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಅನ್ನ ಉಂಡುಕೊಂಡೇ ಇದ್ದೆ ಎಂದು ಬರೆಸಿದ್ದಾನೆ. ಖುಬ್ಬೂಸ್ ತಿಂದು ಬೆಳೆದ ನಾಡಿನವನು ನಮ್ಮ ಕುಚ್ಚಲಕ್ಕಿಯ ಸೀಮೆಗೆ ಬಂದು ಅನ್ನಕ್ಕೆ ಹೊಂದಿಕೊಂಡ. ನಮ್ಮ ಹುಡುಗರು ಅರಬಿ ನಾಡಿಗೆ ಹೋಗಿ ಖುಬ್ಬೂಸಿಗೆ ಹೊಂದಿಕೊಂಡದ್ದು ಆರು ಶತಮಾನಗಳ ಬಳಿಕ.

ಮಂಗಳೂರಿನಲ್ಲಿ ಫಾರ್ಸ್ ಮತ್ತು ಯಮನ್ ನಾಡಿನ ವ್ಯಾಪಾರಿಗಳು ಇಳಿಯುತ್ತಿದ್ದರು. ಮೆಣಸು, ಶುಂಠಿ ಹೇರಳವಾಗಿತ್ತು. ಪಟ್ಟಣದ ಬದಿಯಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದರು. ಅವರಿಗೂ ಪಟ್ಟಣದವರಿಗೂ ಆಗಾಗ ಜಗಳವಾಗುತ್ತಿತ್ತು. ರಾಜ ರಾಮದೇವ ನಡುವೆ ಬಂದು ರಾಜಿ ಮಾಡಿಸುತ್ತಿದ್ದ, ಏಕೆಂದರೆ ಅವನಿಗೆ ವ್ಯಾಪಾರಿಗಳು ಬೇಕಿದ್ದರು. ಕಾಝಿ ಬದ್ರುದ್ದೀನ್ ಹಡಗಿಗೇ ಬಂದು ಆಹ್ವಾನಿಸಿದರೂ, ಬಾರಕೂರಿನ ಅರಸನಂತೆ ಇಲ್ಲಿನ ಅರಸನೂ ಮಗನನ್ನು ಒತ್ತೆಯಾಗಿ ಹಡಗಿಗೆ ಕಳುಹಿಸುವವರೆಗೆ ಇವರು ಇಳಿಯಲಿಲ್ಲ. ಇಳಿದ ಮೇಲೆ ಮೂರು ದಿನ ಸತ್ಕಾರವಾಯಿತು.

ಈ ಕಾಲವನ್ನು ಬರಿಯ ಸೌಹಾರ್ದದ ಕಾಲವೆಂದು ಬಣ್ಣಿಸುವುದೂ ತಪ್ಪು, ಬರಿಯ ಕಲಹದ ಕಾಲವೆನ್ನುವುದೂ ತಪ್ಪು. ಮಲಬಾರ್ ತೀರದ ದಾರಿಗಳಲ್ಲಿ ಪ್ರತಿ ಅರ್ಧ ಮೈಲಿಗೊಂದು ಮರದ ತಂಗುಮನೆ, ಅದರ ಪಕ್ಕ ಬಾವಿ, ನೀರು ಕೊಡಲು ಒಬ್ಬ ಮನುಷ್ಯ ಇರುತ್ತಿದ್ದುದನ್ನು ಇಬ್ನ್ ಬತೂತಾ ಮೆಚ್ಚಿಕೊಂಡಿದ್ದಾನೆ. ಅದೇ ಉಸಿರಿನಲ್ಲಿ, ಹಿಂದೂಗಳಿಗೆ ಪಾತ್ರೆಯಲ್ಲಿ ನೀರು ಕೊಟ್ಟು, ಮುಸ್ಲಿಮರಿಗೆ ಬೊಗಸೆಗೆ ಹೊಯ್ಯುತ್ತಿದ್ದರು ಎಂದೂ ಹೇಳಿದ್ದಾನೆ. ಪಾತ್ರೆ ಮುಟ್ಟಿಸುತ್ತಿರಲಿಲ್ಲ, ಆದರೆ ಬಾಯಾರಿದವನನ್ನು ಕಳುಹಿಸುತ್ತಿರಲಿಲ್ಲ. ಈ ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಂಡರಷ್ಟೇ ನಮ್ಮ ಕರಾವಳಿಯ ಇತಿಹಾಸ ಅರ್ಥವಾದೀತು.

ಅದನ್‌ನಿಂದ ಬಂದ ಕಾಗದ

ಇಬ್ನ್ ಬತೂತಾನಿಗೂ ಇನ್ನೂರು ವರ್ಷ ಮೊದಲು ಮಂಗಳೂರಿನಲ್ಲಿ ಇಬ್ರಾಹೀಮ್ ಬಿನ್ ಯೀಜೂ ಎಂಬ ಯಹೂದಿ ವ್ಯಾಪಾರಿ ಇದ್ದ. ಈಗಿನ ಟ್ಯುನೀಶಿಯಾದ ಮಹ್ದಿಯ್ಯಾ ಊರಿನವನು. 1132ರ ಹೊತ್ತಿಗೆ ಇಲ್ಲಿ ನೆಲೆಸಿದ್ದ. ಆ ವರ್ಷ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಇಲ್ಲಿ ಕಂಚು-ಹಿತ್ತಾಳೆಯ ಪಾತ್ರೆ ಮಾಡಿಸುತ್ತಿದ್ದ. ಮೆಣಸು, ಕಬ್ಬಿಣ, ಅಡಿಕೆಗಳನ್ನು ಅದನ್ ಬಂದರಿಗೆ ಕಳುಹಿಸುತ್ತಿದ್ದ. ಅಲ್ಲಿ ಅವನಿಗೆ ಮೂವರು ಆಪ್ತ ಗೆಳೆಯರಿದ್ದರು: ಮದ್ಮೂನ್, ಯೂಸುಫ್, ಖಲಫ್. ಅವರೂ ಯಹೂದಿಗಳೇ. ಪತ್ರಗಳನ್ನು ಬರೆಯುತ್ತಿದ್ದದ್ದು ಅರಬಿ ಭಾಷೆಯಲ್ಲಿ, ಹೀಬ್ರೂ ಲಿಪಿಯಲ್ಲಿ. ಸರಕು ಮುಟ್ಟಿದ ಲೆಕ್ಕದ ಜೊತೆಗೆ ಅವರು ಇವನಿಗೆ ಸಕ್ಕರೆ, ಒಣದ್ರಾಕ್ಷಿ, ಮುಖ್ಯವಾಗಿ ಬರೆಯಲು ಕಾಗದ ಕಳುಹಿಸುತ್ತಿದ್ದರು. ಓಲೆಗರಿಯ ನಾಡಿನಲ್ಲಿ ಕಾಗದ ಸಿಗುತ್ತಿರಲಿಲ್ಲ. ಕಾಗದವಿಲ್ಲದಿದ್ದರೆ ಉತ್ತರವೂ ಇಲ್ಲವಲ್ಲ!

ಬಿನ್ ಯೀಜೂವಿನ ಬಳಿ ಒಬ್ಬ ದಾಸನಿದ್ದ. ಯಜಮಾನನ ಪರವಾಗಿ ಹಡಗು ಹತ್ತಿ ಅದನ್‌ಗೆ ಹೋಗಿ, ಲಕ್ಷಾಂತರ ಬೆಲೆಯ ವ್ಯವಹಾರ ನೋಡಿಕೊಂಡು ಬರುವಷ್ಟು ನಂಬಿಕಸ್ಥ. ಒಮ್ಮೆ ಅಲ್ಲಿ ಕುಡಿದು ಹಣಕ್ಕಾಗಿ ರಂಪ ಮಾಡಿದ್ದೂ ಉಂಟು. ಗೆಳೆಯರು ಪತ್ರದ ಕೊನೆಗೆ ಅವನಿಗೂ ಸಲಾಮ್ ಹೇಳುತ್ತಿದ್ದರು. ಪತ್ರಗಳಲ್ಲಿ ಅವನ ಹೆಸರು ಬ-ಮ-ಹ ಎಂಬ ಮೂರು ಅಕ್ಷರಗಳಷ್ಟೇ. ಲೇಖಕ ಅಮಿತಾವ್ ಘೋಷ್ ಈ ಹೆಸರಿನ ಜಾಡು ಹಿಡಿದು ಮಂಗಳೂರಿಗೆ ಬಂದರು. ವಿದ್ವಾಂಸ ಬಿ. ಎ. ವಿವೇಕ ರೈ ಅವರ ನೆರವಿನಿಂದ ಆ ಹೆಸರು ‘ಬೊಮ್ಮ’ ಎಂದು ಹೊಳೆಯಿತು. 1992ರಲ್ಲಿ ಪ್ರಕಟವಾದ ಘೋಷ್ ಅವರ ಪುಸ್ತಕದಿಂದ ಬೊಮ್ಮ ಜಗತ್ತಿಗೆ ಪರಿಚಿತನಾದ. ಅರಬಿ ನಾಡಿಗೆ ಹೋಗಿ ದುಡಿದ ತುಳುನಾಡಿನವರಲ್ಲಿ ಹೆಸರು ಉಳಿದಿರುವ ಬಹುಶಃ ಮೊದಲಿಗ ಅವನು. ಮುಸ್ಲಿಮನಲ್ಲ. ಒಡೆಯ ಯಹೂದಿ. ವ್ಯವಹಾರದ ಭಾಷೆ ಅರಬಿ.

ಅರಬಿ ನಾಡಿನ ನಂಟು ಎಂದೊಡನೆ ಅದನ್ನು ಒಂದು ಸಮುದಾಯದ ತಲೆಗೆ ಕಟ್ಟಿ, ಅನುಮಾನದ ದನಿಯಲ್ಲಿ ಮಾತಾಡುವ ರೂಢಿ ಈಚೆಗೆ ಬೆಳೆದಿದೆ. ಇದಕ್ಕೆ ಬೊಮ್ಮನ ಮೂರು ಅಕ್ಷರಗಳಿಗಿಂತ ಒಳ್ಳೆಯ ಉತ್ತರವಿಲ್ಲ. ಈ ನಂಟು ಕರಾವಳಿಯದು. ನಮ್ಮ ಕಾಲದಲ್ಲಿಯೂ ಕೊಲ್ಲಿಗೆ ಹೋದವರಲ್ಲಿ ಬ್ಯಾರಿಗಳಿದ್ದಂತೆ ಕ್ರೈಸ್ತರೂ ಇದ್ದರು, ಬಂಟರು, ಬಿಲ್ಲವರು, ಗೌಡರೂ ಇದ್ದರು.

1148ರಲ್ಲಿ ಸಿಸಿಲಿಯ ಸೈನ್ಯ ಮಹ್ದಿಯ್ಯಾವನ್ನು ಹಿಡಿಯಿತು. ಬಿನ್ ಯೀಜೂವಿನ ಒಡಹುಟ್ಟಿದವರು ದಿಕ್ಕಾಪಾಲಾದರು. 1149ರಲ್ಲಿ ಅವನು ಮಕ್ಕಳೊಂದಿಗೆ ಮಂಗಳೂರು ಬಿಟ್ಟು ಅದನ್‌ನ ಹಳೆಯ ಗೆಳೆಯರ ಬಳಿಗೆ ಹೋದ. ಅಲ್ಲಿಂದ ಸಹೋದರರಿಗೆ ಬರೆದ ಪತ್ರ ಇಂದಿಗೂ ಇದೆ. ಜೀವಮಾನದ ಗಳಿಕೆಯನ್ನು ಹಿಡಿದು ಊರಿಗೆ ಮರಳುವಾಗ ಊರೇ ಇಲ್ಲವಾದ ಸಂಕಟ ಕೊಲ್ಲಿಯಿಂದ ಮರಳಿದ ನಮ್ಮ ಎಷ್ಟೋ ಜನರಿಗೆ ಗೊತ್ತಿರುವ ಸಂಕಟವೇ.

ಪಯಸ್ವಿನಿಯಿಂದ ಕೊಲ್ಲಿಯವರೆಗೆ

ಈಗ ಬಂದರು ಬಿಟ್ಟು ಘಟ್ಟದ ಬುಡಕ್ಕೆ ಬರೋಣ. ಸುಳ್ಯ ತಾಲೂಕಿನ ಮಂಡೆಕೋಲು ಕೇರಳದ ಗಡಿಗೆ ತಾಗಿದ ಗ್ರಾಮ. ಅಡಿಕೆ ತೋಟ, ರಬ್ಬರ್, ಕಾಡು, ಆಗಾಗ ತೋಟಕ್ಕೆ ಇಳಿಯುವ ಆನೆ. ಇಲ್ಲಿನ ಗಾಳಿಯಲ್ಲಿ ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಕನ್ನಡಗಳೆಲ್ಲ ಬೆರೆತಿವೆ. ಸುಳ್ಯವನ್ನು ಹಾದು ಗಡಿ ದಾಟುವ ಪಯಸ್ವಿನಿ ಮುಂದೆ ಚಂದ್ರಗಿರಿ ಎನಿಸಿ ಕಾಸರಗೋಡಿನಲ್ಲಿ ಕಡಲು ಸೇರುತ್ತದೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿದವರಿಗೆ ಆ ತೀರ ಪರಿಚಿತ. 1956ರ ನವೆಂಬರ್ 1ರವರೆಗೆ ಕಾಸರಗೋಡೂ ಸುಳ್ಯವೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದವು. ಆಮೇಲೆ ಅತ್ತೆಯ ಮನೆ ಒಂದು ರಾಜ್ಯ, ಸೊಸೆಯ ತವರು ಇನ್ನೊಂದು ರಾಜ್ಯವಾಯಿತು.

1973ರ ನಂತರ ತೈಲದ ಬೆಲೆ ಏರಿ ಕೊಲ್ಲಿಯ ನಾಡುಗಳಲ್ಲಿ ರಸ್ತೆ, ಬಂದರು, ಕಟ್ಟಡಗಳ ಕೆಲಸ ತೊಡಗಿದಾಗ ಇಂಥ ಗಡಿಯೂರುಗಳಿಂದಲೂ ಹುಡುಗರು ಹೊರಟರು. ಮಂಗಳೂರಿನ ಬಜಪೆ ವಿಮಾನ ನಿಲ್ದಾಣ 1951ರಲ್ಲೇ ತೆರೆದಿದ್ದರೂ ಅಲ್ಲಿಂದ ಕೊಲ್ಲಿಗೆ ನೇರ ವಿಮಾನ ಹಾರಿದ್ದು 2006ರಲ್ಲಿ. ಅಲ್ಲಿಯವರೆಗೆ ಹೆಚ್ಚಿನವರ ದಾರಿ ಬೊಂಬಾಯಿಯ ಮೂಲಕ. ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ, ಊರವರ ಕೋಣೆಯಲ್ಲಿ ಚಾಪೆ ಹಾಸಿ, ವೀಸಾಕ್ಕಾಗಿ, ಎಮಿಗ್ರೇಶನ್ ಠಸ್ಸೆಗಾಗಿ ವಾರಗಟ್ಟಲೆ ಕಾಯಬೇಕಿತ್ತು. ಅದಕ್ಕೂ ಹಿಂದೆ ಹಜ್ಜಿಗೆ ಹೊರಟ ನಮ್ಮ ಅಜ್ಜಂದಿರು ಮೊಗಲ್ ಲೈನ್ ಹಡಗಿಗಾಗಿ ಅದೇ ಬೊಂಬಾಯಿಯ ಮುಸಾಫಿರ್‌ಖಾನೆಯಲ್ಲಿ ಕಾದವರು. 1995ರಲ್ಲಿ ಆ ಹಡಗಿನ ಯಾನ ನಿಂತಿತು.

ತಕ್‌ಶೀಫ್ ಮಾತ್ರ ನಿಲ್ಲಲಿಲ್ಲ. ಮೊದಲು ಹೋದ ಒಬ್ಬ ಊರವನು ಇನ್ನೊಬ್ಬನಿಗೆ ವೀಸಾ ನೋಡುತ್ತಿದ್ದ. ಹೊರಡುವವನು ಅವನಿಗೆ ಕಾಗದ ಬರೆಯುತ್ತಿದ್ದ, ಇಂಥ ದಿನ ಬರುತ್ತೇನೆ ಎಂದು. ವಿಮಾನ ನಿಲ್ದಾಣದ ಹೊರಗೆ ಆ ಮುಖ ಕಂಡರೆ ಜೀವ ಬರುತ್ತಿತ್ತು. ಕಾಣದಿದ್ದರೆ ಭಾಷೆ ಗೊತ್ತಿಲ್ಲದ ಊರಿನಲ್ಲಿ ರಾತ್ರಿ ಬೆಳಗಾಗುತ್ತಿರಲಿಲ್ಲ. ಒಂದು ಕೋಣೆಯಲ್ಲಿ ಎಂಟೋ ಹತ್ತೋ ಜನ, ಅಟ್ಟದ ಮೇಲೆ ಅಟ್ಟವಿಟ್ಟಂಥ ಮಂಚಗಳು, ಸರದಿಯ ಅಡುಗೆ. ಕೆಲಸ ಸಿಗದವನಿಗೆ ಸಿಗುವವರೆಗೆ ಬಾಡಿಗೆಯಿಲ್ಲ, ಊಟದ ಲೆಕ್ಕವಿಲ್ಲ. ಪಾಸ್‌ಪೋರ್ಟು ಕಫೀಲನ ಪೆಟ್ಟಿಗೆಯಲ್ಲಿರುವಾಗ ಮನುಷ್ಯನಿಗೆ ಉಳಿದಿರುವ ಗುರುತಿನ ಚೀಟಿ ಗೆಳೆಯರೇ. ಗೆಳೆಯರಿಲ್ಲದೆ ಹೋದವನಿಗಾಗಿ ಊರಿನ ಜಮಾಅತ್‌ಗಳ ಹೆಸರಿನ ಒಕ್ಕೂಟಗಳು, ಕನ್ನಡ ಸಂಘಗಳು ಇದ್ದವು. ವಲಾತಾದ ಆ ಹೆಸರಾಂತ ವ್ಯಾಪಾರಿಯ ಕೆಲಸವನ್ನು ಇವು ಮಾಡಿದವು. ಸತ್ತವನ ಶವವನ್ನು ಊರಿಗೆ ಕಳುಹಿಸಲು ಕಚೇರಿಯಿಂದ ಕಚೇರಿಗೆ ಅಲೆದವರು, ಸಂಬಳ ತುಂಡಾದವನಿಗೆ ಟಿಕೆಟು ತೆಗೆಸಿಕೊಟ್ಟವರು ಇವರ ನಡುವೆಯೇ ಇದ್ದರು, ಇಂದಿಗೂ ಇದ್ದಾರೆ.

1990ರ ಆಗಸ್ಟ್ 2ರಂದು ಇರಾಕ್ ಸೈನ್ಯ ಕುವೈತಿಗೆ ನುಗ್ಗಿದಾಗ ಈ ಗೆಳೆತನಕ್ಕೆ ದೊಡ್ಡ ಪರೀಕ್ಷೆ ಬಂತು. ಭಾರತೀಯರು ಇರಾಕ್ ದಾಟಿ ಮರುಭೂಮಿಯ ದಾರಿಯಲ್ಲಿ ಜೋರ್ಡಾನಿಗೆ ಬಂದರು. ಗಡಿಯ ಡೇರೆಗಳಲ್ಲಿ ಬಿಸಿಲು, ಬಾಯಾರಿಕೆ, ಸಾಲು. ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನಗಳು ಸುಮಾರು ಎರಡು ತಿಂಗಳಲ್ಲಿ 1 ಲಕ್ಷ 70 ಸಾವಿರದಷ್ಟು ಜನರನ್ನು ಊರಿಗೆ ತಲುಪಿಸಿದವು. ಡೇರೆಯಲ್ಲಿ ನೀರಿನ ಬಾಟಲಿ ಹಂಚಿಕೊಂಡವನು ಯಾವ ಜಿಲ್ಲೆ, ಯಾವ ಧರ್ಮ ಎಂದು ಯಾರೂ ಕೇಳಿರಲಾರರು.

2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಬಜಪೆಯಲ್ಲಿ ಕಣಿವೆಗೆ ಉರುಳಿತು. 166 ಮಂದಿಯಲ್ಲಿ 158 ಮಂದಿ ತೀರಿಹೋದರು. ಎದುರುಗೊಳ್ಳಲು ಬಂದವರು ನಿಲ್ದಾಣದಲ್ಲಿ ನಿಂತೇ ಇದ್ದರು. ಈ ಜಿಲ್ಲೆ, ನೆರೆಯ ಕಾಸರಗೋಡು, ಉಡುಪಿಗಳ ಎಷ್ಟೋ ಮನೆಗಳಲ್ಲಿ ಆ ಬೆಳಗು ಇನ್ನೂ ಮುಗಿದಿಲ್ಲ.

ಕತ್ತು, ಖತ್, ಕಾಗದ

ಪತ್ರಕ್ಕೆ ಉರ್ದುವಿನಲ್ಲಿ ಖತ್, ಮಲಯಾಳದಲ್ಲಿ ಕತ್ತ್. ಎರಡೂ ಅರಬಿಯ ‘ಖತ್ತ್’ನಿಂದ ಬಂದವು, ಗೆರೆ, ಬರವಣಿಗೆ ಎಂದು ಅರ್ಥ. 1970ರ ದಶಕದ ಕೊನೆಯಲ್ಲಿ ಎಸ್. ಎ. ಜಮೀಲ್ ಅವರ ಮಲಯಾಳದ ‘ದುಬೈ ಕತ್ತುಪಾಟ್ಟು’ ಹೆಸರು ಮಾಡಿತು. ದುಬೈಯಲ್ಲಿರುವ ಗಂಡನಿಗೆ ಊರಿನ ಹೆಂಡತಿ ಬರೆಯುವ ಪತ್ರದ ರೂಪದ ಹಾಡದು. ಕಾಫಿಲಾದ ಕತೆಗಳಲ್ಲಿ ಈ ಹೆಂಡತಿ ಕಾಣುವುದೇ ಇಲ್ಲ. ಇಬ್ನ್ ಬತೂತಾ ಹಲವು ಊರುಗಳಲ್ಲಿ ಮದುವೆಯಾದ, ಬಿಟ್ಟು ಹೋದ. ಅವರಲ್ಲಿ ಯಾರ ಪತ್ರವೂ ನಮಗೆ ಸಿಕ್ಕಿಲ್ಲ. ಅವನು ಊರಿಗೆ ಮರಳುವ ಹೊತ್ತಿಗೆ ತಾಯಿ ಪ್ಲೇಗಿನಿಂದ ತೀರಿಹೋಗಿದ್ದರು. ಇಪ್ಪತ್ತನಾಲ್ಕು ವರ್ಷ ಕಾದ ಆ ತಾಯಿಯ ಬಗ್ಗೆ ಅವನು ಹೇಳಿದ್ದು ಒಂದೆರಡು ಮಾತು.

ಆದ್ದರಿಂದಲೇ ನಮ್ಮ ಮನೆಗಳ ಏರೋಗ್ರಾಮ್‌ಗಳು ಮುಖ್ಯ. ಅವನ್ನು ಗಂಡಸರಷ್ಟೇ ಬರೆದಿಲ್ಲ. ಅಕ್ಷರ ಬಲ್ಲ ಸೊಸೆ ಅತ್ತೆಗಾಗಿ ಬರೆದದ್ದು, ಶಾಲೆಗೆ ಹೋಗುವ ಹುಡುಗಿ ಉಮ್ಮನಿಗಾಗಿ ಕನ್ನಡದಲ್ಲಿ ಬರೆದದ್ದು, ಅಕ್ಷರ ಬಾರದವರು ಟೇಪ್‌ರೆಕಾರ್ಡರಿನ ಮುಂದೆ ಕುಳಿತು ಕ್ಯಾಸೆಟಿನಲ್ಲಿ ತುಂಬಿಸಿದ್ದು ಎಲ್ಲವೂ ಇವೆ. ಮನೆಗೆ ಹಂಚು ಹಾಕಿಸಿದ ಲೆಕ್ಕ, ತಂಗಿಯ ಮದುವೆಯ ಸಾಲ, ಮಗು ಮೊದಲ ಹೆಜ್ಜೆ ಇಟ್ಟ ಸುದ್ದಿ, ಜೊತೆಗೆ ರೂಮಿನ ಗೆಳೆಯರಿಗೆಲ್ಲ ಹೆಸರು ಹಿಡಿದು ಸಲಾಮ್. ಎಂಟು ಶತಮಾನಗಳ ಹಿಂದೆ ಅದನ್‌ನ ಖಲಫ್ ಮಂಗಳೂರಿನ ಬೊಮ್ಮನಿಗೆ ಸಲಾಮ್ ಹೇಳಿದಂತೆಯೇ.

ಬಿನ್ ಯೀಜೂವಿನ ಪತ್ರಗಳು ಉಳಿದದ್ದು ಹೇಗೆ? ದೇವರ ಹೆಸರಿರಬಹುದಾದ ಬರವಣಿಗೆಯನ್ನು ನಾಶ ಮಾಡಬಾರದೆಂಬ ಯಹೂದಿ ಪದ್ಧತಿಯಿಂದ. ಕೈರೋದ ಬಿನ್ ಅಝ್ರಾ ಸಿನಗಾಗಿನ ಒಂದು ಕೋಣೆಯಲ್ಲಿ, ಗೆನೀಝಾದಲ್ಲಿ, ಲೆಕ್ಕದ ಚೀಟಿಗಳೂ ಸೇರಿದಂತೆ ಎಲ್ಲವನ್ನೂ ಹಾಕುತ್ತಾ ಬಂದರು. 1896-97ರಲ್ಲಿ ಅವುಗಳ ದೊಡ್ಡ ಪಾಲು ಕೇಂಬ್ರಿಜ್‌ಗೆ ಹೋಯಿತು. ಮುಂದೆ ವಿದ್ವಾಂಸರು ದಶಕಗಳ ಕಾಲ ಕುಳಿತು ಓದಿದರು.

ಅದೇ ಗೌರವ ನಮ್ಮಲ್ಲಿಯೂ ಇದೆ, ಫಲ ಮಾತ್ರ ಬೇರೆ. ಬಿಸ್ಮಿಲ್ಲಾ ಎಂದೋ 786 ಎಂದೋ ತಲೆಬರಹವಿದ್ದ ಕಾಗದ ಕಾಲಡಿಗೆ ಬೀಳಬಾರದೆಂದು ನಾವು ಹೂಳುತ್ತೇವೆ, ಇಲ್ಲವೇ ಹರಿಯುವ ನೀರಿಗೆ ಬಿಡುತ್ತೇವೆ. ಮನೆ ಕೆಡವಿ ಹೊಸದು ಕಟ್ಟುವಾಗ ಹಳೆಯ ಟ್ರಂಕಿನ ಪತ್ರಗಳು ಪಯಸ್ವಿನಿಯಲ್ಲೋ ಕುಮಾರಧಾರೆಯಲ್ಲೋ ಹರಿದುಹೋಗುತ್ತವೆ. ಅದಬಿನಿಂದ ಮಾಡಿದ ಈ ಕೆಲಸದಲ್ಲೇ ಒಂದು ತಲೆಮಾರಿನ ಇತಿಹಾಸ ತೊಳೆದುಹೋಗುತ್ತಿದೆ. ಮೊಬೈಲ್ ಬಂದ ಮೇಲಂತೂ ಹೊಸ ಪತ್ರಗಳು ಹುಟ್ಟುವುದಿಲ್ಲ. ದಿನಾ ನಾಲ್ಕು ಸಲ ಮುಖ ನೋಡಿ ಮಾತಾಡುತ್ತೇವೆ, ಏನೂ ಉಳಿಯುವುದಿಲ್ಲ.

2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು. ಹಾಡು, ಗಾದೆ, ಒಗಟುಗಳ ಜೊತೆಗೆ ಈ ಪತ್ರ-ಕ್ಯಾಸೆಟುಗಳನ್ನೂ ಸಾಹಿತ್ಯದ ಸಾಮಗ್ರಿಯೆಂದು ಎಣಿಸಿ ಸಂಗ್ರಹಿಸಬಹುದು. ಅರೆಭಾಷೆ, ತುಳು, ಕೊಂಕಣಿಯ ಅಕಾಡೆಮಿಗಳೂ ಕೈಜೋಡಿಸಬಹುದು, ಏಕೆಂದರೆ ಪತ್ರಗಳು ಎಲ್ಲ ಮನೆಗಳಲ್ಲಿಯೂ ಇವೆ. ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಸಣ್ಣದು. ಟ್ರಂಕು ತೆರೆದು, ಪತ್ರಗಳನ್ನು ವರ್ಷದ ಪ್ರಕಾರ ಜೋಡಿಸಿ, ಗೆದ್ದಲಿಗೆ ಸಿಗದ ಡಬ್ಬಿಗೆ ಹಾಕುವುದು. ಹಳೆಯ ಫೋಟೋದ ಹಿಂದೆ ಅದರಲ್ಲಿರುವವರ ಹೆಸರು ಬರೆಯುವುದು.

ಕೊಲ್ಲಿಯಿಂದ ಮರಳಿ ವಯಸ್ಸಾದ ಕೆಲವರು ಈಗ ಉಮ್ರಾಕ್ಕೆ ಹೋಗುತ್ತಾರೆ. ಮಕ್ಕಾ, ಮದೀನಾ ಮುಗಿಸಿ ಜಿದ್ದಾದಲ್ಲೋ ದಮ್ಮಾಮ್‌ನಲ್ಲೋ ಇನ್ನೂ ಉಳಿದಿರುವ ಹಳೆಯ ರೂಮಿನ ಜೊತೆಗಾರನನ್ನು ಹುಡುಕುತ್ತಾರೆ. ಹಳೆಯ ಕಟ್ಟಡ ಇರುವುದಿಲ್ಲ, ರಸ್ತೆಯ ಗುರುತು ಸಿಗುವುದಿಲ್ಲ. ಗೆಳೆಯ ಕಾರು ತಂದು ಕರೆದುಕೊಂಡು ಹೋಗುತ್ತಾನೆ. ಮೊದಲು ಮಾತಾಡುವುದು ತೀರಿಹೋದವರ ಬಗ್ಗೆ. ಆ ಮಾತುಗಳನ್ನು ಪಕ್ಕದಲ್ಲಿ ಕುಳಿತ ಮೊಮ್ಮಗ ಬರೆದುಕೊಳ್ಳಲಿ, ಹೆಸರು, ಊರು, ಇಸವಿ ಸಮೇತ. ಬೊಮ್ಮನಿಗೆ ಮೂರು ಅಕ್ಷರಗಳಾದರೂ ಸಿಕ್ಕಿದವು. ಇವರಿಗೆ ಅಷ್ಟಾದರೂ ಸಿಗಬೇಕು.